ಕಿತ್ತು ಹಾಕಿದ ತುಂಡು

ಆ ಸಿನಿಮಾ ನಮ್ಮ ಟಾಕೀಸಿಗೆ ಬಂದಾಗಲೇ ಮುದಿಯಾಗಿತ್ತು.
ಡಬ್ಬಿಯ ಮೇಲೆ ಹನ್ನೊಂದು ಊರಿನ ಚೀಟಿ,
ಮೈತುಂಬ ಗೀರು; ತೆರೆಯಲ್ಲಿ ಕೋಣೆಯೊಳಗೂ ಮಳೆ.
ಭಾಷೆ ಯಾರಿಗೂ ತಿಳಿಯದು. ಸೆಕೆಂಡ್ ಶೋಗೆ
ಮಿಲ್ಲಿನ ಪಾಳಿ ಬಿಟ್ಟವರು, ತಲೆಗೂದಲಲ್ಲಿ ಹತ್ತಿಯ ಎಳೆ,
ಮಂಡಕ್ಕಿ ಪೊಟ್ಟಣ ಬಿಚ್ಚಿ ಕೂರುತ್ತಿದ್ದರು,
ಹೆದರಿಸು ನೋಡೋಣ ಎಂಬಂತೆ.

ಕತೆ ಇಷ್ಟೇ: ಒಬ್ಬ ಡಾಕ್ಟರು, ಒಂದು ನೆಲಮಾಳಿಗೆ,
ಸರಪಳಿಯಲ್ಲಿ ಒಂದು ಜೀವ, ಸತ್ತದ್ದೂ ಅಲ್ಲ ಹುಟ್ಟಿದ್ದೂ ಅಲ್ಲ.
ಮತ್ತೆ ಒಬ್ಬ ಆಳು. ಒಂದು ಭುಜ ಮೇಲೆ, ಒಂದು ಕೆಳಗೆ.
ಡಾಕ್ಟರು ಮಲಗಿದ ಮೇಲೆ ಅವನು ಇಳಿದು ಬಂದು
ನೀರಿನ ಚೊಂಬನ್ನು ಸರಪಳಿಗಿಂತ ಒಂದು ಗೇಣು ಆಚೆ ಇಟ್ಟು
ಕುಕ್ಕರಗಾಲಲ್ಲಿ ಕೂತು ನೋಡುತ್ತಾನೆ.
ಅಷ್ಟೇ. ನೋಡುತ್ತಾನೆ.
ಬೆಂಚಿನವರು ಬೈದು ಬೈದು ಗಂಟಲು ಹರಿದುಕೊಳ್ಳುತ್ತಿದ್ದರು.

ಮೇಲೆ ಬೂತಿನಲ್ಲಿ ಆಪರೇಟರ್ ಹಾಲೇಶಪ್ಪ.
ನಾನು ಅವನ ಕೈಯಾಳು, ಹದಿನೈದು ತುಂಬಿತ್ತು,
ಹೆಸರು ದಾದಾಪೀರ; ಅವನ ಬಾಯಲ್ಲಿ ‘ಲೇ ಇವನೇ’.
ರೀಲು ಸುತ್ತುವುದು ತಡವಾದರೆ ಹಿಡಿಕೆಯಿಂದ ಗೆಣ್ಣಿಗೆ,
ಕಾರ್ಬನ್ ಕಡ್ಡಿ ನಡುಗಿ ಬೆಳಕು ಹಳದಿಯಾದರೆ ಕಪಾಳಕ್ಕೆ,
ಮಾಲೀಕರು ಅವನನ್ನು ಬೈದ ದಿನ ಕಾರಣವೇ ಬೇಡ.
ಹೊಡೆದಾದ ಮೇಲೆ ಬೀಡಿ ಅರ್ಧ ಸೇದಿ ನನಗೆ ಕೊಡುತ್ತಿದ್ದ.
ನನ್ನನ್ನು ಅಲ್ಲಿ ಕಟ್ಟಿಹಾಕಿದ್ದು ಅದೇ, ಏಟಲ್ಲ.

ಮೂರನೇ ರೀಲಿನಲ್ಲಿ ಡಾಕ್ಟರು ಆಳಿಗೆ ಚಾಟಿ ಬೀಸುವ ಜಾಗ
ಅಂಚಿನ ತೂತು ಹರಿದು ದಿನವೂ ಅಲ್ಲೇ ತುಂಡಾಗುತ್ತಿತ್ತು.
ಶಿಳ್ಳೆ, ಕುರ್ಚಿ ಬಡಿತ, ‘ದುಡ್ಡು ವಾಪಸ್ ಕೊಡ್ರಲೇ!’
ನಾನು ಎರಡು ಚೌಕ ಕತ್ತರಿಸಿ ಅಂಟು ಹಚ್ಚುತ್ತಿದ್ದೆ.
ಐದನೇ ದಿನ ಹಾಲೇಶಪ್ಪ ರೇಗಿದ:
‘ಆ ತುಂಡೇ ಕಿತ್ ಬಿಸಾಕಲೇ, ಕತಿಗೇನು ಅದ್ರಿಂದ.’

ಕಿತ್ತೆ.
ಎರಡನೇ ವಾರ ಬಂದವರಿಗೆ ಚಾಟಿ ಕಾಣಲಿಲ್ಲ;
ಗೇಣು ದೂರದ ಚೊಂಬು ಮಾತ್ರ ಕಂಡಿತು.
ಅವರ ಪಾಲಿಗೆ ಅವನು ತಾಯ ಹೊಟ್ಟೆಯಿಂದಲೇ ಹಾಗೆ.
ಜೀವ ಸರಪಳಿ ಹರಿದು ಮೊದಲು ಅವನ ಕತ್ತು ಹಿಸುಕಿದಾಗ
ತೆರೆಗೆ ಚಿಲ್ಲರೆ ಕಾಸು ಬಿತ್ತು.
ಡಾಕ್ಟರು ಸತ್ತಾಗ ಪಿಟೀಲು ಅತ್ತಿತು.
ಆಳಿನ ಪಾತ್ರ ಮಾಡಿದವನ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ.
ಹೆಸರುಗಳು ಬರುವ ಹೊತ್ತಿಗೆ ನಾವು ಲೈಟ್ ಹಾಕುತ್ತಿದ್ದೆವು.

ಈಗ ನನ್ನದು.
ಸೋಡಾ ಮಾರುವ ತಿಪ್ಪೇಶ, ಎಂಟೋ ಒಂಬತ್ತೋ,
ಶೋ ಬಿಟ್ಟ ಮೇಲೆ ಮೆಟ್ಟಿಲ ಕೆಳಗೆ ನಿಂತು ಕೇಳುತ್ತಿದ್ದ:
‘ಅಣ್ಣಾ, ಕಡ್ಡಿ ತುಂಡು ಕೊಡಣ್ಣ.’
ಉರಿದುಳಿದ ಕಾರ್ಬನ್, ತಾಮ್ರದ ಅಂಗಿ ತೊಟ್ಟದ್ದು.
ಅದರಲ್ಲಿ ಅವನು ಮೂತ್ರಿಯ ಗೋಡೆಗೆ ಆನೆ ಬರೆಯುತ್ತಿದ್ದ.
ದಿನವೂ ಕೊಡುತ್ತಿದ್ದೆ, ತಣ್ಣಗಾದ ಮೇಲೆ.

ಆ ರಾತ್ರಿ ನನ್ನ ಗೆಣ್ಣು ಊದಿತ್ತು.
ಇಕ್ಕಳದಲ್ಲಿ ಆಗಷ್ಟೇ ತೆಗೆದ ತುಂಡು.
‘ಹಿಡಿಯಲೇ ಇವನೇ’ ಅಂದೆ. ಮಾತು ಹಾಲೇಶಪ್ಪನದು,
ದನಿಯೂ. ಹುಡುಗ ಎರಡೂ ಕೈ ಒಡ್ಡಿದ,
ಓದಿಕೆಯ ಸಕ್ಕರೆಗೆ ಒಡ್ಡುವ ಹಾಗೆ.

ಸಿಟ್ಟು ಬಂದಿತ್ತು ಅಂದರೆ ಸುಳ್ಳು.
ಸಿಟ್ಟು ಮೆಟ್ಟಿಲು ಹತ್ತಿ ಬೂತಿಗೆ ಹೋಗಬೇಕಿತ್ತು;
ಅಲ್ಲಿ ಅರ್ಧ ಬೀಡಿ ಇತ್ತು.
ನನಗೆ ನೋಡಬೇಕಿತ್ತು, ಅಷ್ಟೇ,
ಏಟು ಬಿದ್ದಾಗ ಮುಖ ಹೇಗಾಗುತ್ತದೆ ಅಂತ.
ನನ್ನದನ್ನು ನಾನು ನೋಡಿರಲಿಲ್ಲವಲ್ಲ.

ಟಾಕೀಸು ಈಗ ಸಿಮೆಂಟಿನ ಗೋಡೌನು.
ತಿಪ್ಪೇಶನದು ರೈಲ್ವೆ ಗೇಟಿನ ಹತ್ತಿರ ಮಿರ್ಚಿ ಗಾಡಿ.
ಅಂಗೈಯ ದುಂಡು ಕಲೆಯ ಮೇಲೇ ಪ್ಲೇಟಿಟ್ಟು ಕೊಡುತ್ತಾನೆ,
‘ಇನ್ನೊಂದು ಹಾಕ್ಲೇನಣ್ಣ?’ ಎನ್ನುತ್ತಾನೆ.
ಮರೆತಿದ್ದಾನೋ ಇಲ್ಲವೋ, ಕೇಳುವ ಎದೆ ನನಗಿಲ್ಲ.
ನಿನ್ನೆ ಅವನ ಗಾಡಿಯ ಹುಡುಗ ಗ್ಲಾಸು ಬೀಳಿಸಿದ.
ತಿಪ್ಪೇಶನ ಕೈ ಮೇಲೆದ್ದದ್ದು ಕಂಡಿತು.
ನಾನು ತಲೆ ಬಗ್ಗಿಸಿ ಮಂಡಕ್ಕಿಯಲ್ಲಿ
ಮೆಣಸಿನಕಾಯಿ ಹುಡುಕತೊಡಗಿದೆ.

ಟ್ರಂಕಿನಲ್ಲಿ ಆ ತುಂಡು ಇನ್ನೂ ಇದೆ.
ಬಲ್ಬಿಗೆ ಹಿಡಿದರೆ ಚೌಕ ಚೌಕದಲ್ಲೂ ಚಾಟಿ ಮೇಲೆ.
ತಿರುಗಿಸುವ ಯಂತ್ರವಿಲ್ಲ, ಹಾಗಾಗಿ ಇಳಿಯುವುದಿಲ್ಲ.
ಆಳು ಇತ್ತ ತಿರುಗಿದ್ದಾನೆ, ನನ್ನ ಕಡೆ.
ಮುಖ ಇರಬೇಕಾದಲ್ಲಿ
ನಾನೇ ಹಚ್ಚಿದ ಅಂಟಿನ ಕಲೆ.